ಬೈಕಿನ ಫಿಲ್ಟರಿಗೆ ಎಷ್ಟು ಕೊಡಬೇಕು?

ಬೈಕಿನ ಆಯಿಲ್ ಫಿಲ್ಟರ್ ಅಂದರೆ ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕ ವಸ್ತು. ಕಾಗದವನ್ನು ಮಡಿಕೆ ಮಡಿಕೆಯಾಗಿ ಮಡಿಚಿ, ದುಂಡಗೆ ಸುತ್ತಿ, ಎರಡೂ ತುದಿಗೆ ಮುಚ್ಚಳ ಅಂಟಿಸಿರುತ್ತಾರೆ, ಅಷ್ಟೆ. ಆದರೆ ಒಂದೇ ಬೈಕಿಗೆ ಕೂಡುವ ಈ ವಸ್ತುವಿಗೆ ಹೈದರಾಬಾದಿನ ಅಂಗಡಿಗಳಲ್ಲಿ ನಾನು ಕೇಳಿದ ಬೆಲೆಗಳು ಮೂರು: 45 ರೂಪಾಯಿ, 110 ರೂಪಾಯಿ, 1,150 ರೂಪಾಯಿ. ಶೋಕಿಗೆ ಬೈಕು ಓಡಿಸುವವರಿಗೆ ಇದು ತಲೆಕೆಡಿಸಿಕೊಳ್ಳುವ ವಿಷಯವಲ್ಲ. ಬೈಕಿನ ಮೇಲೆಯೇ ಅನ್ನ ನಿಂತಿರುವವರಿಗೆ ಹಾಗಲ್ಲ. ನಮ್ಮ ಮನೆಯಲ್ಲಿ ಅಂಥವನೊಬ್ಬ ಇರುವುದರಿಂದ ಈ ಮೂರು ಬೆಲೆಗಳ ಬಗ್ಗೆ ವರ್ಷವಿಡೀ ಮಾತಾಡಿದ್ದೇವೆ.

ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ಹದಿನೇಳು ವರ್ಷದಿಂದ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಹೈದರಾಬಾದ್ ಅಷ್ಟಾಗಿ ನೋಡದವರಿಗೆ ಹೇಳುವುದಾದರೆ, ಬಾಲಾನಗರದಿಂದ ನರ್ಸಾಪುರ ರಸ್ತೆ ಹಿಡಿದು ಚಿಂತಲ್ ದಾಟಿದರೆ ಶಾಪೂರ್‌ನಗರ, ಅದರ ಮಗ್ಗುಲಿಗೇ ನಮ್ಮ ಕೈಗಾರಿಕಾ ಪ್ರದೇಶ. ಔಷಧ, ರಾಸಾಯನಿಕ, ಲೇತು, ಫ್ಯಾಬ್ರಿಕೇಷನ್, ಪ್ಲಾಸ್ಟಿಕ್ ಎಲ್ಲವೂ ಇಲ್ಲಿವೆ. ಲಾರಿಗಳ ಧೂಳು, ಮೂಗಿಗೆ ಬಡಿಯುವ ವಾಸನೆ, ಪಾಳಿ ಬಿಡುವ ಹೊತ್ತಿಗೆ ನಾಲ್ಕೂ ಕಡೆಯಿಂದ ನುಗ್ಗುವ ಬೈಕುಗಳು. ಬೀದರಿನವರಾದ ನಮಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ, ಹೈದರಾಬಾದ್ ಮೂರು ತಾಸಿನ ದಾರಿ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹಾಗಾಗಿ ಕೆಲಸ ಹುಡುಕಿ ಹೊರಟ ಹುಡುಗರು ಇವತ್ತಿಗೂ ಮೊದಲು ಇತ್ತಲೇ ಬರುತ್ತಾರೆ.

ನಮ್ಮ ಅಕ್ಕನ ಮಗನೂ ಹಾಗೇ ಬಂದ. ಊರಲ್ಲಿ ತೊಗರಿ ಕೈಕೊಟ್ಟ ವರ್ಷ ಅದು. ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಸಾಲದ ಮೇಲೆ ಒಂದು 150 ಸಿಸಿ ಬೈಕು ಕೊಂಡು ಡೆಲಿವರಿ ಕೆಲಸ ಹಿಡಿದ. ಕುಕಟ್‌ಪಲ್ಲಿ, ಸುಚಿತ್ರಾ, ಕೊಂಪಲ್ಲಿ ಅಂತ ದಿನಕ್ಕೆ 120 ಕಿಲೋಮೀಟರ್ ಸುತ್ತುತ್ತಾನೆ. ತಿಂಗಳ ಕಂತು ಕಟ್ಟಿ, ನಮ್ಮ ಮನೆಯಲ್ಲಿ ಬೇಡವೆಂದರೂ ಊಟದ ಖರ್ಚು ಅಂತ ಒಂದಿಷ್ಟು ಇಟ್ಟು, ಉಳಿದದ್ದನ್ನು ಅಕ್ಕನಿಗೆ ಕಳಿಸುತ್ತಾನೆ. ಅಕ್ಕನ ಬಿಪಿ ಮಾತ್ರೆಯಿಂದ ಹಿಡಿದು ತಂಗಿಯ ಕಾಲೇಜು ಫೀಸಿನವರೆಗೆ ಎಲ್ಲ ಆ ಬೈಕಿನ ಮೇಲೇ ಇದೆ.

ಮೊದಲ ಸರ್ವಿಸುಗಳು ಮುಗಿದು, ಇನ್ನು ಹೊರಗೆ ಮಾಡಿಸಬೇಕು ಎನ್ನುವ ಹಂತಕ್ಕೆ ಬಂದಾಗ ಅವನು ಕೇಳಿದ ಮಾತು ಇದು: "ಮಾಮಾ, ಇದಕ್ಕ ನೂರಾ ಹತ್ತು ಯಾಕ ಕೊಡಬೇಕು? ಅದು ಭೀ ಕಾಗದಾನೇ, ಇದು ಭೀ ಕಾಗದಾನೇ. ನಲವತ್ತೈದಕ್ಕ ಸಿಗ್ತದಲ್ಲ."

ಕೇಳಿದ್ದರಲ್ಲಿ ತಪ್ಪೇನಿಲ್ಲ. ನನ್ನ ಬೈಕು ಹಳೆಯ ಸ್ಪ್ಲೆಂಡರ್, ಅದರಲ್ಲಿ ಕಾಗದದ ಫಿಲ್ಟರೇ ಇಲ್ಲ. ಒಂದು ಜಾಳಿಗೆ, ಜೊತೆಗೆ ಎಂಜಿನ್ನಿನೊಂದಿಗೆ ಗಿರಗಿರ ತಿರುಗುವ ಒಂದು ಬಟ್ಟಲು. ತಿರುಗುವ ರಭಸಕ್ಕೆ ಆಯಿಲಿನಲ್ಲಿರುವ ಭಾರದ ಕಸ ಬಟ್ಟಲಿನ ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದನ್ನು ಆಗೊಮ್ಮೆ ಈಗೊಮ್ಮೆ ಬಿಚ್ಚಿ ಒರೆಸಿದರೆ ಆಯಿತು, ಕೊಳ್ಳುವುದಕ್ಕೆ ಏನೂ ಇಲ್ಲ. ಓದುವವರಲ್ಲೂ ಎಷ್ಟೋ ಜನರದ್ದು ಇಂಥದೇ ನೂರು ಸಿಸಿ ಬೈಕಿರಬಹುದು. ಅಂಗಡಿಗೆ ಹೋಗುವ ಮೊದಲು ಕೈಪಿಡಿ ತೆರೆದು ನಿಮ್ಮ ಬೈಕಿಗೆ ಫಿಲ್ಟರ್ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಕಾಗದದ ಫಿಲ್ಟರ್ ಇರುವ ಬೈಕಿನಲ್ಲಿ ಕೆಲಸ ನಡೆಯುವುದು ಹೀಗೆ. ಎಂಜಿನ್ನಿನ ತಳದಲ್ಲಿ ನಿಂತ ಆಯಿಲನ್ನು ಪಂಪು ಎಳೆದು ಫಿಲ್ಟರಿನ ಮೂಲಕ ದೂಡುತ್ತದೆ. ಸೋಸಿದ ಆಯಿಲು ಕ್ರ್ಯಾಂಕಿಗೆ, ಮೇಲಿನ ಹೆಡ್ಡಿಗೆ ಹೋಗಿ, ಮತ್ತೆ ತಳಕ್ಕೆ ಇಳಿಯುತ್ತದೆ. ಲೋಹ ಸವೆದ ಚೂರು, ಆಯಿಲು ಸುಟ್ಟ ಮಸಿ, ಕ್ಲಚ್ ಪ್ಲೇಟಿನ ಹುಡಿ ಫಿಲ್ಟರಿನಲ್ಲಿ ನಿಲ್ಲಬೇಕು. ಕ್ಲಚ್ಚಿನ ಹುಡಿ ಯಾಕೆ ಅಂದರೆ, ಕಾರಿನ ಹಾಗಲ್ಲದೆ ನಮ್ಮ ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂಜಿನ್ನಿಗೆ ತೊಂದರೆ ಕೊಡುವುದು ಅದಕ್ಕಿಂತ ಎಷ್ಟೋ ಸಣ್ಣ, ಹತ್ತಿಪ್ಪತ್ತು ಮೈಕ್ರಾನಿನ ಗಟ್ಟಿ ಕಣಗಳು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

ಫಿಲ್ಟರಿನೊಂದಿಗೆ ನನ್ನ ನಂಟು ಬೈಕಿನದಲ್ಲ, ನೌಕರಿಯದು. ಇಂಜೆಕ್ಷನ್ನಿನ ದ್ರಾವಣ ಸೋಸುವ ಫಿಲ್ಟರ್ 0.2 ಮೈಕ್ರಾನಿನದು. ಅದನ್ನು ಮಾರುವವರು ಒಂದು ಚದರ ಸೆಂಟಿಮೀಟರಿಗೆ ಒಂದು ಕೋಟಿ ಬ್ಯಾಕ್ಟೀರಿಯಾ ಬಿಟ್ಟು, ಆಚೆಗೆ ಒಂದೂ ದಾಟಿಲ್ಲ ಎಂದು ತೋರಿಸಿದ ಮೇಲೇ ಅದಕ್ಕೆ ಸ್ಟೆರೈಲ್ ದರ್ಜೆ ಅನ್ನುವ ಹೆಸರು. ಪ್ರತಿ ಫಿಲ್ಟರಿಗೂ ಲಾಟ್ ನಂಬರು, ಸರ್ಟಿಫಿಕೇಟು. ಬಳಸಿದ ಮೇಲೆ ಗಾಳಿಯ ಒತ್ತಡ ಕೊಟ್ಟು ಅದರಲ್ಲಿ ತೂತು ಬಿದ್ದಿಲ್ಲ ಅಂತ ಮತ್ತೆ ನೋಡುತ್ತೇವೆ. ಇಷ್ಟು ವರ್ಷದಲ್ಲಿ ಈ ಕೆಲಸದಿಂದ ನನಗೆ ಅಂಟಿದ ಅಭ್ಯಾಸ ಒಂದೇ. ಯಾವ ಫಿಲ್ಟರ್ ಸಿಕ್ಕರೂ ಬೆಲೆಗಿಂತ ಮುಂಚೆ "ಇದು ಹಿಡಿಯುತ್ತದೆ ಅನ್ನುವುದಕ್ಕೆ ಯಾರು ಜವಾಬು?" ಎಂದು ಕೇಳುತ್ತೇನೆ.

ಅಳಿಯನಿಗೆ ಬಾಯಲ್ಲಿ ಹೇಳಿದರೆ ಉಪಯೋಗವಿರಲಿಲ್ಲ. ಶಾಪೂರ್‌ನಗರದಲ್ಲಿ ನಮಗೆ ಪರಿಚಯದ ಮಿಸ್ತ್ರಿಯೊಬ್ಬರಿದ್ದಾರೆ. ಅವರ ಕಸದ ಡಬ್ಬಿಯಿಂದ ಅವನ ಬೈಕಿನದೇ ಮಾಡೆಲ್ಲಿನ ಎರಡು ಹಳೆಯ ಫಿಲ್ಟರು ಎತ್ತಿಕೊಂಡೆವು. ಒಂದು ಬೈಕ್ ಕಂಪನಿಯ ಹೆಸರಿನದು, ಇನ್ನೊಂದು ಯಾವ ಹೆಸರೂ ಇಲ್ಲದ್ದು. ಎರಡನ್ನೂ ಬ್ಲೇಡಿನಿಂದ ಕೊಯ್ದು ಹಳೆಯ ಪೇಪರಿನ ಮೇಲೆ ಹರವಿದೆವು. ಕಂಪನಿಯದರಲ್ಲಿ ಮಡಿಕೆಗಳು ಒತ್ತೊತ್ತಾಗಿ, ಸಮನಾಗಿದ್ದವು. ಬಿಡಿಸಿ ಹಾಸಿದಾಗ ಕಾಗದ ಇನ್ನೊಂದಕ್ಕಿಂತ ಮೊಳದಷ್ಟು ಉದ್ದ ಬಂತು. ಹೆಸರಿಲ್ಲದ್ದರಲ್ಲಿ ಮಡಿಕೆಗಳು ಕಡಿಮೆ, ಅವೂ ಎರಡು ಮೂರು ಕಡೆ ಒಂದಕ್ಕೊಂದು ಅಂಟಿ ಕೂತಿದ್ದವು. ಎಲ್ಲಕ್ಕಿಂತ ಮುಖ್ಯ, ತುದಿಯ ಮುಚ್ಚಳಕ್ಕೆ ಹಾಕಿದ ಅಂಟು ಒಂದು ಕಡೆ ಬಿಟ್ಟುಕೊಂಡಿತ್ತು. ಅಂಟು ಬಿಟ್ಟ ಸಂದಿಯಿಂದ ಆಯಿಲು ಕಾಗದ ಮುಟ್ಟದೆಯೇ ಆಚೆ ಹೋಗುತ್ತದೆ. ನೀರಿನ ಹಾಗೆ ಆಯಿಲೂ ಸುಲಭದ ದಾರಿಯನ್ನೇ ಹುಡುಕುವುದು.

ನಾನು ಅವನಿಗೆ ಅಜ್ಜಿಯ ಕೊಡ ನೆನಪಿಸಿದೆ. ನಮ್ಮ ಕಡೆ ಹಿಂದೆ ಮೆಟ್ಟಿಲು ಬಾವಿಯ ನೀರು ಕುಡಿದವರಿಗೆ ನಾರುಹುಣ್ಣು ಆಗುತ್ತಿತ್ತು. ಸರಕಾರದವರು ಬಂದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಮನೆಮನೆಗೆ ಹೇಳಿದರು. ಕೊಳವೆಬಾವಿಗಳೂ ಬಂದವು. 2000ದ ಹೊತ್ತಿಗೆ ಭಾರತದಲ್ಲಿ ಆ ರೋಗವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಅಜ್ಜಿ ಕೊಡದ ಬಾಯಿಗೆ ಕಟ್ಟುತ್ತಿದ್ದದ್ದು ಹಳೆಯ ಸೀರೆಯ ತುಂಡು, ಅದಕ್ಕೆ ಬೆಲೆಯೇ ಇರಲಿಲ್ಲ. ಆದರೆ ಹರಿದಿದೆಯೇ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಬಾಯಿಗೆ ಬಿಗಿಯಾಗಿ ಕಟ್ಟುತ್ತಿದ್ದಳು. "ಅಂಟು ಬಿಟ್ಟ ಫಿಲ್ಟರು ಅಂದ್ರ ಹರಿದ ಬಟ್ಟಿ ಇದ್ದಂಗ" ಅಂದೆ. ಹುಡುಗನಿಗೆ ಅದು ತಾಕಿತು. 110ರದನ್ನೇ ಹಾಕಿಸಿದ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ನಾಲ್ಕು ತಿಂಗಳ ನಂತರ ಅವನ ಜೊತೆ ಕೆಲಸ ಮಾಡುವ ಹುಡುಗನೊಬ್ಬನ ಬೈಕು ಬಾಲಾನಗರದ ಟ್ರಾಫಿಕ್ಕಿನಲ್ಲಿ ಜಾಮ್ ಆಗಿ ನಿಂತಿತು. ಬೋರು, ಪಿಸ್ಟನ್ ಎಲ್ಲ ಸೇರಿ ಎಂಟು ಸಾವಿರ, ಒಂದು ವಾರ ಗಳಿಕೆ ಇಲ್ಲ. ಆ ಹುಡುಗ ಹಾಕಿಸಿದ್ದು ಸೋವಿ ಫಿಲ್ಟರು ಅನ್ನುವ ಸುದ್ದಿ ಹುಡುಗರ ವಾಟ್ಸಾಪ್ ಗುಂಪಿನಲ್ಲೆಲ್ಲ ಹಬ್ಬಿತು. ಅವತ್ತು ರಾತ್ರಿ ಅಳಿಯ ಫೋನು ನನ್ನ ಮುಂದೆ ಹಿಡಿದ. ಹೊರದೇಶದ್ದು, ಹೊಳೆಯುವ ಡಬ್ಬಿ, 1,150 ರೂಪಾಯಿ. "ಇದೇ ಹಾಕಸ್ತೀನಿ ಮಾಮಾ. ರೊಕ್ಕ ಹೋದ್ರ ಹೋಗಲಿ. ಎಂಜಿನ್ ಹೋದ್ರ ಅವ್ವಗ ಏನು ಕಳಸ್ಲಿ?"

ಮೊದಲು 45 ಕೇಳಿದವನೂ ಇವನೇ, ಈಗ 1,150 ಕೇಳುವವನೂ ಇವನೇ. ಎರಡೂ ಸಲ ಅವನಿಗೆ ಇದ್ದದ್ದು ಅದೇ ಭಯ. ನಗರಕ್ಕೆ ಹೊಸದಾಗಿ ಬಂದವರಲ್ಲಿ ನಾನು ಇದನ್ನು ಬಹಳ ನೋಡಿದ್ದೇನೆ. ಮೊದಲು ಕೈಗೆ ಸಿಕ್ಕ ಅಗ್ಗದ್ದು, ಒಂದು ಪೆಟ್ಟು ಬಿದ್ದ ಮೇಲೆ ಅಂಗಡಿಯಲ್ಲಿ ಎಲ್ಲಕ್ಕಿಂತ ದುಬಾರಿಯದ್ದು. ಡಾಕ್ಟರು, ಕೋಚಿಂಗ್ ಕ್ಲಾಸು, ಮದುವೆ ಮಂಟಪ, ಎಲ್ಲದರಲ್ಲೂ ಹೀಗೇ.

ಮಾರನೇ ಭಾನುವಾರ ಅವನನ್ನು ಮಿಸ್ತ್ರಿಯ ಹತ್ತಿರ ಕರೆದುಕೊಂಡು ಹೋದೆ. ಜಾಮ್ ಆದ ಆ ಬೈಕು ಬಂದಿದ್ದೂ ಅವರಲ್ಲಿಗೇ. ಫಿಲ್ಟರಿನಿಂದ ಆದದ್ದೇ ಎಂದು ಕೇಳಿದ್ದಕ್ಕೆ ಅವರು ನಕ್ಕು, "ಫಿಲ್ಟರ್ ಕ್ಯಾ ಕರ್ತಾ ಭಾಯ್, ತೇಲ್‌ಚ್ ನೈ ಥಾ" ಅಂದರು. ಒಂದು ಲೀಟರ್ ಇರಬೇಕಾದ ಎಂಜಿನ್ನಿನಿಂದ ಬಿಚ್ಚಿದಾಗ ಬಂದದ್ದು ಅರ್ಧ ಲೀಟರಿಗಿಂತ ಕಡಿಮೆ. ಗಾಳಿಯಿಂದಲೇ ತಣಿಯುವ ಎಂಜಿನ್, ಬೇಸಿಗೆ, ಸಿಗ್ನಲ್ಲಿಗೊಮ್ಮೆ ನಿಲ್ಲುವ ಓಟ. ಆಯಿಲು ಸ್ವಲ್ಪ ಸ್ವಲ್ಪವೇ ಸುಡುತ್ತ ಹೋಗಿದೆ, ಆ ಹುಡುಗ ಏಳು ಸಾವಿರ ಕಿಲೋಮೀಟರ್ ಒಮ್ಮೆಯೂ ಮಟ್ಟ ನೋಡಿಲ್ಲ. ಸಾವಿರದ ಫಿಲ್ಟರು ಹಾಕಿದ್ದರೂ ಅದರೊಳಗೆ ಹರಿಯಲು ಆಯಿಲು ಬೇಕಲ್ಲ!

ಹಾಗಾದರೆ 1,150 ಕೊಟ್ಟವರಿಗೆ ಸಿಗುವುದೇನು? ಏನೂ ಇಲ್ಲ ಅಂತಲ್ಲ. ಒಳ್ಳೆಯ ದುಬಾರಿ ಫಿಲ್ಟರಿನಲ್ಲಿ ಕಾಗದದ ಬದಲು ಕೃತಕ ನಾರು ಇರುತ್ತದೆ. ನಾರುಗಳು ಸಣ್ಣಗೆ, ಒಂದೇ ಸಮನಾಗಿರುವುದರಿಂದ ಆಯಿಲಿನ ಹರಿವಿಗೆ ಹೆಚ್ಚು ಅಡ್ಡಿಯಾಗದೆ ಸಣ್ಣ ಕಣ ಹಿಡಿಯಬಲ್ಲದು, ಹೆಚ್ಚು ಕಸ ತುಂಬಿಕೊಳ್ಳಬಲ್ಲದು. ಅಂದರೆ ಹೆಚ್ಚು ದಿನ ಬಾಳುತ್ತದೆ. ಆದರೆ ಬೈಕಿನಲ್ಲಿ ಆ ಬಾಳಿಕೆ ಯಾರಿಗೆ ಬೇಕು? ಗೇರಿನ ಹಲ್ಲುಗಳ ನಡುವೆ ಸಿಕ್ಕು ಅರೆದುಹೋಗುವ ಆಯಿಲು ಫಿಲ್ಟರಿಗಿಂತ ಮುಂಚೆಯೇ ಸೋಲುತ್ತದೆ. ಆಯಿಲು ಚೆಲ್ಲುವಾಗ ಫಿಲ್ಟರನ್ನೂ ಬದಲಾಯಿಸುತ್ತೇವೆ. ಉಳಿದ ಆಯಸ್ಸಿಗೆ ಕೊಟ್ಟ ದುಡ್ಡು ಫಿಲ್ಟರಿನ ಜೊತೆಗೇ ಡಬ್ಬಿಗೆ ಹೋಗುತ್ತದೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲು ಬದಲಿಸುವ ದೊಡ್ಡ ಎಂಜಿನ್ನಿನವರಿಗೆ ಈ ಲೆಕ್ಕ ಬೇರೆ ಬರಬಹುದು. ತೊಳೆದು ಮತ್ತೆ ಹಾಕುವ ಸ್ಟೀಲ್ ಜಾಳಿಗೆಯ ಫಿಲ್ಟರುಗಳೂ ಇವೆ. ಅವುಗಳಲ್ಲಿ ಆಯಿಲು ಸಲೀಸಾಗಿ ಹರಿಯುತ್ತದೆ, ಆದರೆ ಜಾಳಿಗೆ ಒರಟಾದಷ್ಟೂ ಸಣ್ಣ ಕಣ ದಾಟಿಹೋಗುತ್ತದೆ.

ಡಬ್ಬಿಯ ಮೇಲಿನ ಮೈಕ್ರಾನ್ ನೋಡಿ ಮರುಳಾಗಬೇಡಿ ಅಂತಲೂ ಅವನಿಗೆ ಹೇಳಿದೆ. ಆಯಿಲ್ ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 4548-12 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. ಫಿಲ್ಟರಿನ ಮುಂದೆ ಎಷ್ಟು ಕಣ, ಹಿಂದೆ ಎಷ್ಟು ಕಣ ಎಂದು ಎಣಿಸಿ ಭಾಗಿಸುತ್ತಾರೆ. 20 ಮೈಕ್ರಾನಿನ ಕಣ ಮುಂದೆ 75 ಇದ್ದು ಹಿಂದೆ 1 ಬಂದರೆ ಅದು ನೂರಕ್ಕೆ 98.7ನ್ನು ಹಿಡಿದಂತೆ. ಮುಂದೆ 2, ಹಿಂದೆ 1 ಬಂದರೆ ನೂರಕ್ಕೆ 50 ಮಾತ್ರ. ಇಬ್ಬರೂ ಡಬ್ಬಿಯ ಮೇಲೆ "20 ಮೈಕ್ರಾನ್" ಅಂತಲೇ ಬರೆದುಕೊಳ್ಳಬಹುದು. ಎಷ್ಟು ಪಾಲು ಹಿಡಿಯುತ್ತದೆ ಅಂತ ಹೇಳದ ಮೈಕ್ರಾನಿಗೆ ಅರ್ಥವಿಲ್ಲ.

ಇನ್ನೊಂದು ಮಾತು. ಫಿಲ್ಟರು ಕಟ್ಟಿಕೊಂಡರೆ ಎಂಜಿನ್ ಒಣಗಬಾರದು ಅಂತ ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಕೆಲವು ಬೈಕಿನಲ್ಲಿ ಅದು ಫಿಲ್ಟರಿನಲ್ಲೇ, ಕೆಲವುದರಲ್ಲಿ ಎಂಜಿನ್ನಿನಲ್ಲಿ. ಒತ್ತಡ ಹೆಚ್ಚಾದರೆ ಅದು ತೆರೆದು ಸೋಸದ ಆಯಿಲನ್ನೇ ಮುಂದೆ ಬಿಡುತ್ತದೆ. ಆಯಿಲೇ ಇಲ್ಲದ್ದಕ್ಕಿಂತ ಸೋಸದ್ದು ಮೇಲು ಅನ್ನುವ ಲೆಕ್ಕ. ಎಷ್ಟೇ ದುಬಾರಿ ಫಿಲ್ಟರಾದರೂ ಹೊತ್ತಿಗೆ ಬದಲಿಸದೆ ಕಟ್ಟಿಕೊಳ್ಳಲು ಬಿಟ್ಟರೆ, ಕೊನೆಗೆ ಫಿಲ್ಟರೇ ಇಲ್ಲದ ಹಾಗೆ ಓಡಿಸಿದಂತೆ.

ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆವು. ದಿನಕ್ಕೆ 120 ಕಿಲೋಮೀಟರ್, ತಿಂಗಳಿಗೆ 26 ದಿನ, ವರ್ಷಕ್ಕೆ 37,440 ಕಿಲೋಮೀಟರ್. ಅವನ ಬೈಕಿನ ಕೈಪಿಡಿ 5,000ಕ್ಕೆ ಆಯಿಲು ಬದಲಿಸು ಅನ್ನುತ್ತದೆ. ಧೂಳು, ನಿಂತು ನಿಂತು ಓಡುವ ಓಟ ನೋಡಿ ಮಿಸ್ತ್ರಿ 4,000 ಅಂದರು. ವರ್ಷಕ್ಕೆ ಒಂಬತ್ತು ಸಲ ಬಂತು. ಸೋವಿ ಫಿಲ್ಟರಾದರೆ 405 ರೂಪಾಯಿ, ಕಂಪನಿಯದಾದರೆ 990, ಹೊರದೇಶದ್ದಾದರೆ 10,350. ಮೊದಲನೆಯದಕ್ಕೂ ಎರಡನೆಯದಕ್ಕೂ ತಿಂಗಳಿಗೆ ಐವತ್ತು ರೂಪಾಯಿಯೂ ವ್ಯತ್ಯಾಸವಿಲ್ಲ. ಆ ಐವತ್ತು ಉಳಿಸಲು ಹೋಗಿ ಅಂಟು ಬಿಟ್ಟ ಫಿಲ್ಟರು ಹಾಕುವುದರಲ್ಲಿ ಅರ್ಥವಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಒಂಬತ್ತು ಸಾವಿರ ದಾಟುವ ವ್ಯತ್ಯಾಸ. ಲೀಟರಿಗೆ 400ರಂತೆ ಹಿಡಿದರೂ ಇಡೀ ವರ್ಷದ ಆಯಿಲಿಗೆ 3,600. ಉಳಿದದ್ದರಲ್ಲಿ ಏರ್ ಫಿಲ್ಟರು, ಚೈನ್ ಸ್ಪ್ರಾಕೆಟ್, ಒಂದು ಟೈರು ಬರುತ್ತವೆ. ಜೀಡಿಮೆಟ್ಲಾದ ಧೂಳು ಎಂಜಿನ್ನಿನೊಳಗೆ ಹೋಗುವುದು ಹೆಚ್ಚಾಗಿ ಗಾಳಿಯ ದಾರಿಯಿಂದ. ಅದನ್ನು ತಡೆಯುವುದು ಏರ್ ಫಿಲ್ಟರು, ಆಯಿಲ್ ಫಿಲ್ಟರಲ್ಲ. ಸವೆದ ಟೈರಿನಿಂದ ಹುಡುಗ ಬಿದ್ದರೆ ಯಾವ ಫಿಲ್ಟರೂ ಕಾಯುವುದಿಲ್ಲ.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನಡುವಿನದೇ ಖರೇ ಅಂತೀರೇನು?" ಅಂದ.

ಖರೇ, ಆದರೆ ಅದು ನಿಜವಾಗಿ ನಡುವಿನದೇ ಆಗಿರಬೇಕು. 45ರ ಮಾಲು 110ರ ಡಬ್ಬಿಯಲ್ಲಿ ಕೂತು ಬರುವುದೂ ಉಂಟು. ಒಂದು ಅಂಗಡಿಯಲ್ಲಿ ನಮಗೇ ಅಂಥದು ಸಿಕ್ಕಿತ್ತು. ಡಬ್ಬಿ ಥೇಟ್ ಕಂಪನಿಯದು, ಒಳಗಿನ ಫಿಲ್ಟರಿನ ಮೇಲೆ ಪಾರ್ಟ್ ನಂಬರೇ ಇಲ್ಲ, ರಬ್ಬರ್ ರಿಂಗು ಬೆರಳಿನಿಂದ ಒತ್ತಿದರೆ ಕಟ್ಟಿಗೆಯ ಹಾಗಿತ್ತು. ಬಿಲ್ಲು ಕೇಳಿದಾಗ ಅಂಗಡಿಯವರು ಇಲ್ಲವೆಂದರು, ವಾಪಸ್ ಕೊಟ್ಟು ಬಂದೆವು. ಅಗ್ಗದ್ದೆಂದು ಹೇಳಿಕೊಂಡು ಬರುವ ಅಗ್ಗದ್ದಕ್ಕಿಂತ ನನಗೆ ಇದರದ್ದೇ ಹೆಚ್ಚು ಹೆದರಿಕೆ.

ಹಾಗಾಗಿ ನಾವು ಪಾಲಿಸುವ ಕ್ರಮ ಇಷ್ಟು. ಬೈಕ್ ಕಂಪನಿಯ ಫಿಲ್ಟರನ್ನು ಅವರ ಅಧಿಕೃತ ಅಂಗಡಿಯಲ್ಲೇ ಕೊಳ್ಳುವುದು. ಅದು ಸಿಗದಿದ್ದರೆ ಬಾಷ್, ಪ್ಯುರೊಲೇಟರ್, ಎಲೋಫಿಕ್‌ನಂಥ ಹೆಸರಿರುವ ಫಿಲ್ಟರ್ ಕಂಪನಿಗಳದ್ದು, ನಮ್ಮ ಮಾಡೆಲ್ಲಿಗೆಂದೇ ಮಾಡಿದ್ದು. ಇವು ಬೆಲೆಯಲ್ಲೂ ಹೆಚ್ಚು ಕಡಿಮೆ ಅಲ್ಲೇ ಇರುತ್ತವೆ. ಬಿಲ್ಲು ಇಲ್ಲದೆ ಕೊಳ್ಳುವುದಿಲ್ಲ. ಪಾರ್ಟ್ ನಂಬರು, ಮುಚ್ಚಳದ ಅಂಟು, ಮಡಿಕೆ, ರಬ್ಬರು ನೋಡುತ್ತೇವೆ. ಓ ರಿಂಗು ಪ್ರತಿ ಸಲ ಹೊಸದು. ಕೆಲವು ಫಿಲ್ಟರಿಗೆ ಒಳಮುಖ ಹೊರಮುಖ ಇರುತ್ತದೆ, ತಿರುವು ಹಾಕಿದರೆ ಆಯಿಲಿನ ದಾರಿಯೇ ಮುಚ್ಚಿಹೋಗುತ್ತದೆ, ಅದಕ್ಕೇ ಕೂಡಿಸುವಾಗ ಪಕ್ಕದಲ್ಲಿ ನಿಂತಿರುತ್ತೇವೆ. ವಾರಕ್ಕೊಮ್ಮೆ ಬೈಕನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಆಯಿಲಿನ ಮಟ್ಟ ನೋಡುವುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಎಲ್ಲಕ್ಕಿಂತ ಹೆಚ್ಚು ಎಂಜಿನ್ ಉಳಿಸುವುದು ಇದೇ.

ತೆಗೆದ ಹಳೆಯ ಫಿಲ್ಟರನ್ನು ಮೋರಿಗೆ ಎಸೆಯುವುದಿಲ್ಲ. ಬಳಸಿದ ಆಯಿಲು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕಾರ್ಖಾನೆಗಳ ನೀರು ಕುಡಿದೇ ನಮ್ಮ ಜೀಡಿಮೆಟ್ಲಾದ ನೆಲಕ್ಕೆ ಸಾಕಾಗಿದೆ, ಅದಕ್ಕೆ ನಮ್ಮದೂ ಒಂದು ಲೀಟರ್ ಸೇರಿಸಬೇಕಾಗಿಲ್ಲ. ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ, ಸೋರಿದ ಆಯಿಲಿನ ಜೊತೆ ಮಿಸ್ತ್ರಿಯ ಡ್ರಮ್ಮಿಗೆ ಕೊಡುತ್ತೇವೆ.

ಈಗ ಅಳಿಯನ ಬೈಕಿನ ಸೀಟಿನ ಕೆಳಗೆ ಒಂದು ಚಿಕ್ಕ ನೋಟ್‌ಬುಕ್ಕು ಇದೆ. ತಾರೀಖು, ಕಿಲೋಮೀಟರ್, ಆಯಿಲು, ಫಿಲ್ಟರು, ಬಿಲ್ ನಂಬರು, ಎಲ್ಲ ಕನ್ನಡದಲ್ಲಿ ಬರೆದಿಡುತ್ತಾನೆ. ಹೋದ ತಿಂಗಳು ಬೈಕು 41,000 ದಾಟಿತು, ಎಂಜಿನ್ನಿನ ಸದ್ದು ಬದಲಾಗಿಲ್ಲ. ಬಾಲಾನಗರದಲ್ಲಿ ಬೈಕು ನಿಂತುಹೋಗಿದ್ದ ಆ ಹುಡುಗ ಮೆಹಬೂಬ್‌ನಗರದವನು. ಅವನಿಗೂ ನಮ್ಮವನೇ ಒಂದು ನೋಟ್‌ಬುಕ್ಕು ತಂದುಕೊಟ್ಟಿದ್ದಾನೆ, ಅವನು ತೆಲುಗಿನಲ್ಲಿ ಬರೆಯುತ್ತಾನೆ. ಭಾನುವಾರ ಬೆಳಿಗ್ಗೆ ಇಬ್ಬರೂ ನಮ್ಮ ಮನೆ ಮುಂದೆ ಬೈಕು ನೆಟ್ಟಗೆ ನಿಲ್ಲಿಸಿ ಆಯಿಲು ನೋಡಿಕೊಂಡು, ಚಹಾ ಕುಡಿದು ಕೆಲಸಕ್ಕೆ ಹೋಗುತ್ತಾರೆ.